ಕಾಶಕ್ಕನ ಮೆಮೊರಿ ಕಾರ್ಡು

ನನ್ನ ಮೇಜಿನ ಖಾನೆಯಲ್ಲಿ ಒಂದು ನಶ್ಯದ ಡಬ್ಬಿ ಇದೆ. ನಮ್ಮ ಕಡೆ ನಶ್ಯಕ್ಕೆ ತಪಕೀರ ಅನ್ನುತ್ತಾರೆ. ಡಬ್ಬಿ ನಮ್ಮಪ್ಪನದು, ನಿಪ್ಪಾಣಿ ಪೇಟೆಯಲ್ಲಿ ಕೊಂಡದ್ದು. ಒಳಗಿನ ತಪಕೀರ ಮುಗಿದು ಎಷ್ಟೋ ವರ್ಷವಾದರೂ ಮುಚ್ಚಳ ತೆಗೆದರೆ ಈಗಲೂ ಒಂದು ಸೀನು ಗ್ಯಾರಂಟಿ. ಅದರಲ್ಲಿ ಈಗ ಇರುವುದು ಕಿರುಬೆರಳಿನ ಉಗುರಿನಷ್ಟು ದೊಡ್ಡ ಒಂದು ಮೆಮೊರಿ ಕಾರ್ಡು. ಮೊನ್ನೆ ರಬ್ಬರ್ ಬ್ಯಾಂಡ್ ಹುಡುಕುವಾಗ ಡಬ್ಬಿ ಕೈಗೆ ಬಂತು. ತೆಗೆದೆ, ಸೀನಿದೆ. ಸೀನಿದವನ ಕಣ್ಣಲ್ಲಿ ನೀರು ಬರುವುದು ಸಹಜ, ಹಾಗಾಗಿ ಎದುರಿಗೆ ಪಾಸ್‌ಪೋರ್ಟ್ ಫೋಟೋಕ್ಕೆ ಕುಳಿತಿದ್ದ ಗಿರಾಕಿ ಏನೂ ಕೇಳಲಿಲ್ಲ.

ನಾನು ಅಥಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಊರು ಸತ್ತಿ, ಕೃಷ್ಣೆಯ ದಂಡೆ. ದಿನಾ ಮುಂಜಾನೆ ಮೋಟರ್‌ಸೈಕಲ್ ಮೇಲೆ ಹೋಗಿ ಸಂಜೆ ತಿರುಗಿ ಬರುತ್ತೇನೆ. ನಮ್ಮೂರಿನ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ನನ್ನ ಕೆಲಸ ಇದೆ. ತೊಟ್ಟಿಲ ಫೋಟೋ ನಂದು, ಮದುವೆಯದು ನಂದು, ಹಾರ ಹಾಕಿದ್ದೂ ನಂದೇ. ಇದನ್ನು ಹೇಳುವಾಗ ಮೊದಲೆಲ್ಲ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ಈ ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪನ ಕಾಲದಲ್ಲಿ ಒಂದು ರೋಲಿನಲ್ಲಿ ಹನ್ನೆರಡೇ ಫೋಟೋ. ಆದ್ದರಿಂದ ಆತ ಕ್ಯಾಮರಾದ ಹಿಂದೆ ನಿಂತು ಮುಂದಿನವರ ಮುಖವನ್ನು ಅಷ್ಟು ಹೊತ್ತು ನೋಡುತ್ತಿದ್ದ, ಕೂತವರಿಗೆ ಬೆವರು ಬಂದು ಪೌಡರ್ ಇಳಿಯುತ್ತಿತ್ತು. 'ನೋಡಿ ಒತ್ತಬೇಕು, ಒತ್ತಿ ನೋಡಬಾರದು' ಎಂದು ನನ್ನ ತಲೆಗೆ ಕುಟ್ಟಿ ಹೇಳುತ್ತಿದ್ದ. ಕುಟ್ಟಿದ್ದು ನೆನಪಿದೆ, ಬುದ್ಧಿ ಒಳಗೆ ಇಳಿಯಲಿಲ್ಲ. ಡಿಜಿಟಲ್ ಬಂದ ಮೇಲಂತೂ ನಾನು ನೋಡುವುದನ್ನೇ ಬಿಟ್ಟೆ. ಒತ್ತು, ಒತ್ತು, ಒತ್ತುತ್ತಲೇ ಇರು, ಮನೆಗೆ ಹೋಗಿ ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದರಾಯಿತು. ಆಮೇಲೆ ಡ್ರೋನ್ ಬಂತು. ಈಗ ಮದುವೆ ಮನೆಯವರು ಅಡುಗೆಯವನನ್ನು ಗೊತ್ತು ಮಾಡುವ ಮೊದಲು 'ಡ್ರೋನ್ ಐತೇನ್ರಿ?' ಎಂದು ಕೇಳುತ್ತಾರೆ. ಐತ್ರಿ ಎನ್ನಲೇಬೇಕು. ಐವತ್ತು ದಾಟಿದ ವಯಸ್ಸಿನಲ್ಲಿ ನಾನೂ ಒಂದನ್ನು ಕೊಂಡು, ಮೊದಲ ದಿನವೇ ಸ್ವಂತ ಮನೆಯ ಬೇವಿನ ಮರಕ್ಕೆ ಸಿಗಿಸಿ, ಹೆಂಡತಿಯಿಂದ ಬೈಸಿಕೊಂಡು, ನಿಧಾನಕ್ಕೆ ಕಲಿತೆ.

ಊರಿನ ಎಲ್ಲ ಗೋಡೆಗಳ ಮೇಲೂ ನನ್ನ ಕೆಲಸ ಇದೆ ಎಂದೆನಲ್ಲ, ಅದರಲ್ಲಿ ಒಂದು ಮುಖ ಮಾತ್ರ ಎಲ್ಲೂ ಇರಲಿಲ್ಲ. ನಮ್ಮ ಓಣಿಯ ಕಾಶಕ್ಕನದು. ರಕ್ತಸಂಬಂಧವೇನೂ ಅಲ್ಲ, ಊರ ಲೆಕ್ಕದ ಅಕ್ಕ. ಗಂಡ ಹೋಗಿ ಬಹಳ ವರ್ಷವಾಗಿತ್ತು. ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗಿ, ಒಬ್ಬಳೇ ಮಗಳು ಕಸ್ತೂರಿಯನ್ನು ಓದಿಸಿ, ಅಂಗನವಾಡಿ ಟೀಚರ್ ಮಾಡಿದವಳು. ಬಾಯಿ ತೆರೆದರೆ ಖಾರದ ಮಾತು, ಅದೂ ಸೆರಗಿನ ಹಿಂದಿನಿಂದ. ಕ್ಯಾಮರಾ ಕಂಡರೆ ಆ ಸೆರಗು ಮೂಗಿನ ತನಕ ಏರುತ್ತಿತ್ತು. ಹಳೆಯ ವೋಟಿನ ಚೀಟಿಯಲ್ಲಿ ಅವಳ ಹೆಸರಿನ ಮುಂದೆ ಇರುವುದು ಒಂದು ಸೆರಗು ಮತ್ತು ಒಂದೂವರೆ ಕಣ್ಣು. ಆ ಚೀಟಿಗೆಂದು ನಡೆದ ಶಿಬಿರದಲ್ಲಿ ಫೋಟೋ ತೆಗೆದವನು ನಾನೇ. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. 'ಮಾರಿ ನೋಡಿ ವೋಟ್ ಹಾಕಸ್ಕೋತಾರೇನ ನಿನ್ನ ಸರ್ಕಾರದಾವ್ರು?' ಎಂದು ನನಗೇ ತಿರುಗಿಬಿದ್ದಳು.

ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಹಳೆಯ ಮಂದಿಗೆ ಇತ್ತು. ಕಾಶಕ್ಕನಿಗೂ ಅದೇ ಹುಚ್ಚು ಎಂದು ಊರೆಲ್ಲ ಅಂದುಕೊಂಡಿತ್ತು, ನಾನಂತೂ ಸ್ಟುಡಿಯೋದಲ್ಲಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ.

ಕಸ್ತೂರಿಯ ಮದುವೆ ಗೊತ್ತಾಯಿತು, ಗಂಡು ರಾಯಬಾಗದ ಕಡೆಯವನು. ಫೋಟೋ ಕೆಲಸ ನನಗೇ. ಮನೆಯ ಮದುವೆ ಇದ್ದ ಹಾಗೆ, ಜಾಗ ಕಡಿಮೆ ಬೀಳಬಾರದೆಂದು ಡ್ರೋನಿಗೆ ದೊಡ್ಡ ಸೈಜಿನ ಹೊಸ ಮೆಮೊರಿ ಕಾರ್ಡು ಎರಡು ತಂದೆ. ಎರಡೂ ಒಂದೇ ಕಂಪನಿಯವು, ಒಂದೇ ಬಣ್ಣದವು. ಒಂದನ್ನು ಡ್ರೋನಿಗೆ ಹಾಕಿದೆ, ಇನ್ನೊಂದು ಹೆಚ್ಚಿಗೆ ಇರಲೆಂದು ಕಿಸೆಯಲ್ಲಿ ಇಟ್ಟುಕೊಂಡೆ.

ಅಕ್ಕಿಕಾಳು ಬೀಳುವ ಹೊತ್ತು. ಕೆಳಗೆ ಮಂಟಪದ ಎದುರು ಕ್ಯಾಮರಾ ಹಿಡಿದು ನನ್ನ ತಮ್ಮ ನಿಂತಿದ್ದ. ನಾನು ಪಕ್ಕದ ಮನೆಯ ಮಾಳಿಗೆ ಹತ್ತಿ ಡ್ರೋನ್ ಏರಿಸಿದೆ. ಮಗಳ ತಲೆಯ ಮೇಲೆ ಅಕ್ಕಿ ಬೀಳುವಾಗ ಗಂಡ ಸತ್ತ ಹೆಂಗಸು ಎದುರಿಗೆ ನಿಲ್ಲಬಾರದಲ್ಲ, ಧಾರೆ ಎರೆಯಲು ಕಾಕಾ ಕಾಕಿ ಕುಳಿತಿದ್ದರು, ಹೆತ್ತವಳು ಹಿತ್ತಲಿನಲ್ಲಿದ್ದಳು. ಅಡುಗೆಯವರು ಸಹ ಕೈ ಒರೆಸಿಕೊಂಡು ಮುಂಬಾಗಿಲಿಗೆ ಓಡಿದ್ದರು. ಹಿತ್ತಲಿನಲ್ಲಿ ಒಲೆಯ ಮೇಲೆ ದೊಡ್ಡ ಪಾತೇಲಿ, ಕಾಶಕ್ಕ, ನಾಲ್ಕು ಕೋಳಿ. ಅಷ್ಟೇ.

ಮಂಟಪ ತೋರಿಸಿ ಮನೆಯ ಮೇಲಿಂದ ಡ್ರೋನನ್ನು ಹೊಳೆಯ ಕಡೆ ಒಯ್ಯುವುದು ನನ್ನ ಲೆಕ್ಕವಾಗಿತ್ತು. ಹಿತ್ತಲಿನ ಮೇಲೆ ಬಂದಾಗ ಪರದೆಯ ಮೇಲೆ ಕಾಶಕ್ಕ ಕಂಡಳು. ತಲೆ ಎತ್ತಿ ನೇರವಾಗಿ ಮೇಲೆ ನೋಡುತ್ತಿದ್ದಳು. ಅವಳಿಗೆ ಅದು ಕ್ಯಾಮರಾ ಎಂದು ಗೊತ್ತಿರಲಿಲ್ಲ. ಈಗ ನಮ್ಮ ಕಡೆ ಕಬ್ಬಿಗೆ ಔಷಧ ಹೊಡೆಯಲು ಡ್ರೋನ್ ಬರುತ್ತದೆ. ಅವಳು ಕಂಡಿದ್ದು ಅದೊಂದೇ. ಮುಖ ಜೋಳದ ಕಾಳಿನಷ್ಟು ಸಣ್ಣದಾಗಿ ಕಾಣುತ್ತಿತ್ತು, ಹೆಗಲು ಕುಲುಕುತ್ತಿತ್ತು. ಆ ಹೊತ್ತಿಗೇ ಬ್ಯಾಟರಿ ಕೆಂಪಾಗಿ ಕೂಗತೊಡಗಿತು. ಮಗ್ಗುಲಲ್ಲೇ ಕರೆಂಟಿನ ತಂತಿ ಬೇರೆ. ಸಿಕ್ಕಿಬಿಟ್ಟಳು, ಮನೆಗೆ ಹೋಗಿ ದೊಡ್ಡದು ಮಾಡಿ ನೋಡೋಣ ಎಂದುಕೊಂಡು ಅವಸರದಲ್ಲಿ ಇಳಿಸಿದೆ.

ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಊಟದ ಪಂಕ್ತಿಯ ಹಿಂದೆ ನಿಂತಿದ್ದ ಅವಳ ಹತ್ತಿರ ಹೋಗಿ, 'ಅಕ್ಕಾ, ಮೂವತ್ತು ವರ್ಷ ತಪ್ಪಿಸಿಕೊಂಡಿ, ಇವತ್ತ ಹಿಡದ್ನಿ ನೋಡ' ಎಂದೆ.

'ಅದು ಔಷಧ ಹೊಡಿಯೂದು ಅಲ್ಲೇನ?' ಎಂದಳು. ಅಲ್ಲ ಎಂದೆ. ಅವಳ ಮುಖದ ಬಣ್ಣ ಇಳಿಯಿತು. 'ನಾ ನಕ್ಕಿದ್ದ ಬಂದೈತೇನ? ಆ ಸಪ್ಪಳಕ್ಕ ಹೆದರಿ ಹುಂಜ ಬಂದು ನನ್ನ ಸೀರ್ಯಾಗ ಹೊಕ್ಕಿತೋ ತಮ್ಮಾ. ನಗಿ ತಡಕೊಳ್ಳಾಕ ಆಗ್ಲಿಲ್ಲ.'

'ಬಂದೈತಿ. ಎಲ್ಲಾ ಬಂದೈತಿ.'

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ದನಿ ತಗ್ಗಿಸಿದಳು. 'ನಾ ಇರೂತನಾ ಯಾರಿಗೂ ತೋರಸಬ್ಯಾಡ. ನನಗೂ ತೋರಸಬ್ಯಾಡ. ಸತ್ತ ಮ್ಯಾಲ ಕಸ್ತೂರಿಗೆ ಕೊಡು. ಒಂದ ಸಲರ ನೋಡ್ಲಿ.'

ಆಗಲಿ ಎಂದೆ. ಮಾತು ಕೊಟ್ಟೆ. ಅದಕ್ಕೇ ಆ ಕಾರ್ಡಿನಿಂದ ಏನನ್ನೂ ಎಲ್ಲಿಗೂ ಇಳಿಸಲಿಲ್ಲ, ಯಾರಿಗೂ ಕಳಿಸಲಿಲ್ಲ, ನಾನೂ ತೆರೆದು ನೋಡಲಿಲ್ಲ. ಕೆಳಗಿನ ಕ್ಯಾಮರಾದಲ್ಲಿ ಬಂದದ್ದರಿಂದಲೇ ಮದುವೆಯ ವಿಡಿಯೋ ಮಾಡಿ ಕೊಟ್ಟೆ. ಡ್ರೋನಿನ ಕಾರ್ಡನ್ನು ಅಪ್ಪನ ತಪಕೀರ ಡಬ್ಬಿಗೆ ಹಾಕಿದೆ. ಮಾತು ಉಳಿಸಿಕೊಂಡೆನೆಂಬ ಸಮಾಧಾನದಲ್ಲಿ, ಕಿಸೆಯಲ್ಲಿದ್ದ ಖಾಲಿ ಕಾರ್ಡನ್ನೂ ಅದೇ ಡಬ್ಬಿಗೆ ಹಾಕಿದೆ. ಒಂದಕ್ಕೆ ಒಂದು ಸುಣ್ಣದ ಬೊಟ್ಟು ಹಚ್ಚಿದ್ದರೂ ಸಾಕಿತ್ತು.

ಇನ್ನು ನನ್ನ ಕಂಪ್ಯೂಟರಿನ ವಿಷಯ ಹೇಳಬೇಕು. ಸಾಂಗಲಿಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು, ನನ್ನಷ್ಟೇ ಹಳೆಯದು, ನನ್ನಷ್ಟೇ ಹಟಮಾರಿ. ಆಲ್ಬಮ್ ಮಾಡುವ ಸಾಫ್ಟ್‌ವೇರ್ ಅದರಲ್ಲಿ ಮಾತ್ರ ನಡೆಯುತ್ತಿತ್ತೆಂದು ಬಿಟ್ಟಿರಲಿಲ್ಲ. ನನಗೆ ಗೊತ್ತಿಲ್ಲದಿದ್ದ ಸಂಗತಿ ಇಷ್ಟು: ಸಣ್ಣ ಕಾರ್ಡುಗಳಲ್ಲಿ ಡ್ರೋನು ಹಳೆಯ ಪದ್ಧತಿಯಲ್ಲಿ ಬರೆಯುತ್ತದೆ, ಅದು ಎಲ್ಲ ಕಂಪ್ಯೂಟರಿಗೂ ಓದಲು ಬರುತ್ತದೆ. ದೊಡ್ಡ ಕಾರ್ಡು ಹಾಕಿದರೆ ಬೇರೆ ಪದ್ಧತಿ. ಹೊಸ ಕಂಪ್ಯೂಟರಿಗೆ ಅದು ತಿಳಿಯುತ್ತದೆ, ನನ್ನ ಮುದುಕನಿಗೆ ತಿಳಿಯುವುದಿಲ್ಲ. ತಿಳಿಯದಿದ್ದರೆ ನನಗೆ ಓದಲು ಬರುವುದಿಲ್ಲ ಎಂದು ಹೇಳಬೇಕಲ್ಲವೇ? ಹಾಗೆ ಹೇಳುವುದಿಲ್ಲ. 'ಈ ಕಾರ್ಡು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?' ಎಂದು ಬಹಳ ಸಭ್ಯವಾಗಿ ಕೇಳುತ್ತದೆ.

ಅದನ್ನೊಂದೇ ಯಾಕೆ ಬೈಯಲಿ. ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಟ್ರಂಕು ಇತ್ತು, ಅದರ ತುಂಬ ಹಿಂದಿನವರು ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದಗಳು. ಮನೆಯವರಿಗೆ ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಮೋಡಿ ಮಾತ್ರ ಒಬ್ಬರಿಗೂ ಬರುತ್ತಿರಲಿಲ್ಲ. 'ಇದರಾಗ ಏನೂ ಇಲ್ಲ, ಬರೀ ಗೀಚ್ಯಾರ' ಎಂದು ಅಜ್ಜಿ ತೀರ್ಪು ಕೊಟ್ಟಳು. ಒಂದು ದೀಪಾವಳಿಗೆ ಹಂಡೆಯ ನೀರು ಕಾದದ್ದು ಆ ಕಾಗದಗಳಿಂದ. ಏಳು ವರ್ಷದ ನಾನು ಒಲೆಯ ಮುಂದೆ ಕುಳಿತು ಒಂದೊಂದೇ ಹಾಳೆ ಕೊಡುತ್ತಿದ್ದೆ. ಅಕ್ಷರಗಳು ಬಳ್ಳಿ ಹಬ್ಬಿದ ಹಾಗೆ ಚೆಂದ ಇದ್ದವು. ಒಳ್ಳೆ ಬಿಸಿನೀರು, ಅಂದು ಎಲ್ಲರೂ ಎರಡೆರಡು ತಂಬಿಗೆ ಹೆಚ್ಚಿಗೆ ಹುಯ್ದುಕೊಂಡೆವು.

ಮದುವೆಗಳ ಗದ್ದಲದಲ್ಲಿ ಕಾಗವಾಡದ ಒಂದು ಕೆಲಸ ಒಪ್ಪಿಕೊಂಡಿದ್ದೆ. ಹೊರಡುವ ಅವಸರ. ಡಬ್ಬಿಯಿಂದ ಒಂದು ಕಾರ್ಡು ತೆಗೆದೆ. ಇದು ಖಾಲಿಯೋ ತುಂಬಿದ್ದೋ ನೋಡೋಣವೆಂದು ಕಂಪ್ಯೂಟರಿಗೆ ಹಾಕಿದೆ. ನೋಡಿ, ಪರೀಕ್ಷೆ ಮಾಡುವ ಬುದ್ಧಿ ನನಗೆ ಬಂದಿತ್ತು. ಕಂಪ್ಯೂಟರ್ ಫಾರ್ಮ್ಯಾಟ್ ಆಗಿಲ್ಲ ಎಂದಿತು. ಹಾಗಾದರೆ ಇದೇ ಖಾಲಿಯದು ಎಂದು ಖುಷಿಯಾಯಿತು. ಮಾಡಲೇ ಎಂದಿತು. ಮಾಡು ಎಂದೆ. ಮುಂದೆ ಅದನ್ನು ಡ್ರೋನಿಗೆ ಹಾಕಿದರೆ, ಕಂಪ್ಯೂಟರ್ ಮಾಡಿದ ಫಾರ್ಮ್ಯಾಟು ಡ್ರೋನಿಗೆ ತಿಳಿಯಲಿಲ್ಲ. ಅದೂ ಕೇಳಿತು, ಫಾರ್ಮ್ಯಾಟ್ ಮಾಡಲೇ? ಅದಕ್ಕೂ ಮಾಡು ಎಂದೆ. ಕಾಗವಾಡದಲ್ಲಿ ಎರಡು ದಿನ, ಕಾರ್ಡು ತುಂಬುವ ತನಕ, ಯಾರದೋ ಕುದುರೆ ಮೆರವಣಿಗೆ ಹಾರಿಸಿ ಹಾರಿಸಿ ತೆಗೆದೆ. ಅದನ್ನು ಇಳಿಸಲು ಹೋದಾಗ ಮುದುಕ ಮತ್ತೆ ಅದೇ ಪ್ರಶ್ನೆ ಕೇಳಿದ. ತುಂಬಿದ ಕಾರ್ಡಿಗೂ ಈ ಮಾತೇ ಎಂದು ಆಗ ತಿಳಿಯಿತು. ಡಬ್ಬಿಯಲ್ಲಿದ್ದ ಇನ್ನೊಂದು ಕಾರ್ಡನ್ನು ತಮ್ಮನ ಹೊಸ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಏನೂ ಇರಲಿಲ್ಲ. ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು.

ತಮ್ಮ 'ಏನಾತೋ ಅಣ್ಣಾ?' ಎಂದ. 'ಏನಿಲ್ಲ' ಎಂದೆ.

ನಿಮಗೆ ಸುಳ್ಳು ಹೇಳುವುದಿಲ್ಲ, ಆಗ ನನಗೆ ಅಂಥ ದುಃಖವೇನೂ ಆಗಲಿಲ್ಲ. ಕಾಶಕ್ಕ ಗಟ್ಟಿಮುಟ್ಟಾಗಿದ್ದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಇನ್ನೊಂದು ದಿನ ಹಿತ್ತಲಿನ ಮೇಲೆ ಹಾರಿಸಿದರಾಯಿತು ಎಂದುಕೊಂಡೆ. ನಾಲ್ಕು ದಿನದ ಮೇಲೆ ಗಿರಣಿಯ ಮುಂದೆ ಸಿಕ್ಕಳು, ತಲೆಯ ಮೇಲೆ ಹಿಟ್ಟಿನ ಡಬ್ಬಿ.

'ಇಟ್ಟೀಯಲ್ಲ ತಮ್ಮಾ, ಅದನ್ನ?'

'ಇಟ್ಟೇನಿ ಅಕ್ಕಾ.'

'ಜ್ವಾಕಿ.'

ಇಷ್ಟೇ ಮಾತು. ಹಿಟ್ಟಿನ ಡಬ್ಬಿ ಅಲುಗದ ಹಾಗೆ ತಿರುಗಿ ಹೋದಳು. ನಾನು ಅವಳ ಹಿತ್ತಲಿನ ಮೇಲೆ ಹಾರಿಸುವುದನ್ನು ಮುಂದಿನ ವಾರಕ್ಕೆ ಇಟ್ಟೆ, ಆ ವಾರ ಚಿಕ್ಕೋಡಿಯಲ್ಲಿ ಒಂದು ಮದುವೆ, ಅದರ ಮುಂದಿನ ವಾರ ಅಕ್ಕೋಳದಲ್ಲಿ ಒಂದು ಕೂಸಿನ ಜಾವಳ. ಮದುವೆಯಾಗಿ ಮೂರು ತಿಂಗಳು ತುಂಬಿರಲಿಲ್ಲ, ಒಂದು ಮುಂಜಾನೆ ತೋಟಕ್ಕೆ ಹೋದವಳು ಎದೆ ಹಿಡಿದುಕೊಂಡು ದ್ರಾಕ್ಷಿ ಚಪ್ಪರದ ಕೆಳಗೆ ಕುಳಿತಳಂತೆ. ಗಾಡಿ ಬರುವಷ್ಟರಲ್ಲಿ ಮುಗಿದಿತ್ತು.

ಈಗ ಸತ್ತವರಿಗೆ ಫ್ಲೆಕ್ಸ್ ಕಟ್ಟಬೇಕು, ಭಾವಪೂರ್ಣ ಶ್ರದ್ಧಾಂಜಲಿ. ಅದಕ್ಕೆ ಫೋಟೋ ಬೇಕು. ಸಿಕ್ಕಿದ್ದು ಆಧಾರ್ ಕಾರ್ಡಿನದೊಂದೇ. ರೇಷನ್ ನಿಲ್ಲಿಸುತ್ತೇವೆಂದು ಹೆದರಿಸಿದ್ದಕ್ಕೆ ಸೆರಗು ಇಳಿಸಿ, ತುಟಿ ಬಿಗಿ ಹಿಡಿದು, ಪೊಲೀಸ್ ಠಾಣೆಯಲ್ಲಿ ಕುಳಿತ ಹಾಗೆ ಕುಳಿತಿದ್ದಳು. ನಾನೇ ಅದನ್ನು ದೊಡ್ಡದು ಮಾಡಿ, ಕಪ್ಪು ತೆಗೆದು, ಹಿಂದೆ ನೀಲಿ ಆಕಾಶ ಹಾಕಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಕಟ್ಟಿದಾಗ ಅವಳ ಜೊತೆ ವರ್ಷಗಟ್ಟಲೆ ತೋಟಕ್ಕೆ ಹೋದ ಹೆಂಗಸರೇ 'ಇದ್ಯಾರ ಫೋಟೋರಿ?' ಎಂದು ಕೇಳಿದರು.

ಮಣ್ಣು ಮುಗಿದ ಸಂಜೆ ಕಸ್ತೂರಿ ನನ್ನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು, ಸಣ್ಣ ದನಿಯಲ್ಲಿ, 'ಮಾಮಾ, ಅವ್ವ ನಕ್ಕಿದ್ದು ನಿಮ್ಮ ಹಂತೇಕ ಐತಂತಲ್ರಿ. ನಾ ಮೊದಲ ಸಲ ತವರಿಗೆ ಬಂದಾಗ ಹೇಳಿದ್ಲು. ಅವಸರಿಲ್ಲ, ದಿನಾ ಆದ ಮ್ಯಾಲ ಕೊಡ್ರಿ' ಎಂದಳು.

'ಕೊಡ್ತೀನವ್ವಾ' ಎಂದೆ. ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ, ನನಗೆ ಕೆಟ್ಟ ಮೇಲೂ ಬರಲಿಲ್ಲ.

ಮರುದಿನವೇ ಮಿರಜಿಗೆ ಹೋದೆ. ಅಳಿಸಿಹೋದದ್ದನ್ನು ತೆಗೆದುಕೊಡುವವನೊಬ್ಬ ಅಲ್ಲಿದ್ದಾನೆಂದು ಕೇಳಿದ್ದೆ. ಕಾರ್ಡು ತಿರುವಿ ನೋಡಿ, ನಡೆದದ್ದನ್ನೆಲ್ಲ ಕೇಳಿ, ಅರ್ಧ ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ಹೇಳಿದ: 'ದಾದಾ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದಾಗನ ತಂದಿದ್ರ ಎಲ್ಲಾ ಸಿಗ್ತಿತ್ತು. ಮ್ಯಾಲ ತುಂಬ ಬರದೀರಲ್ಲ, ಆತಾ ಕಾಯ್ ಕರಣಾರ?' ಈಗ ಏನು ಮಾಡಲಿ ಎಂಬುದು ಅವನ ಮಾತಿನ ಅರ್ಥ. ಡ್ರೋನ್ ಹಾರಿಸುವ ಫೋನಿನಲ್ಲಿ ಮಸುಕಾದ ಒಂದು ಪ್ರತಿ ಉಳಿದಿರಬಹುದಲ್ಲ ಎಂದು ಕೇಳಿದ. ಫೋನು ತುಂಬುತ್ತದೆಂದು ಹಾಗೆ ಪ್ರತಿ ಉಳಿಯುವುದನ್ನು ನಾನು ಮೊದಲೇ ಬಂದ್ ಮಾಡಿಟ್ಟಿದ್ದೆ. ಆದರೂ ಪುಣ್ಯಾತ್ಮ ಅರ್ಧ ದಿನ ಕುಳಿತು ಹುಡುಕಿದ. ಬಂದದ್ದು ಕಾಗವಾಡದ ಕುದುರೆ, ಕಾಗವಾಡದ ಬ್ಯಾಂಡು, ಮತ್ತೆ ಕಾಗವಾಡದ ಕುದುರೆ. ನಮ್ಮೂರಿನ ಒಂದು ಹಂಚೂ ಬರಲಿಲ್ಲ. ಚಹಾ ತರಿಸಿ ಕೊಟ್ಟ. ಕುಡಿಯದೆ ಎದ್ದು ಬಂದೆ, ಅದಕ್ಕೂ ಈಗ ನಾಚಿಕೆಯಾಗುತ್ತದೆ.

ದಿನಕರ್ಮಗಳು ಮುಗಿದ ಮೇಲೆ ಕಸ್ತೂರಿ ಮನೆಗೆ ಕೀಲಿ ಹಾಕಿ ರಾಯಬಾಗಕ್ಕೆ ಹೊರಡುವವಳಿದ್ದಳು. ಮಧ್ಯಾಹ್ನ ಹೋದೆ. ಒಬ್ಬಳೇ ಕುಳಿತು ಅವ್ವನ ಸೀರೆಗಳನ್ನು ಮಡಚುತ್ತಿದ್ದಳು. ನನ್ನನ್ನು ಕಂಡು ಎದ್ದು ನೀರು ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕೈ ಚಾಚಿದಳು. ನಾನು ಏನನ್ನೂ ತಂದಿರಲಿಲ್ಲ. ಹೇಳಿದೆ. ಎಲ್ಲವನ್ನೂ ಹೇಳಿದೆ. ಎರಡು ಕಾರ್ಡು, ಹಳೆಯ ಕಂಪ್ಯೂಟರು, ಮಾಡು ಮಾಡು ಎಂದದ್ದು, ಗಿರಣಿಯ ಮುಂದೆ ಅವಳವ್ವನಿಗೆ ಇಟ್ಟೇನಿ ಎಂದು ಸುಳ್ಳು ಹೇಳಿದ್ದು, ಮಿರಜು. ಅವಳು ಚಾಚಿದ ಕೈಯನ್ನು ನಿಧಾನಕ್ಕೆ ಹಿಂದೆ ತೆಗೆದುಕೊಂಡು ಮತ್ತೊಂದು ಸೀರೆ ಎತ್ತಿಕೊಂಡಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. 'ಹೋಗ್ಲಿ ಬಿಡ್ರಿ, ನೀವರ ನೋಡೀರಲ್ಲ' ಎಂದಳು. 'ಹೆಂಗಿದ್ಲು, ಹೇಳ್ರಿ.'

ಇಷ್ಟಾದರೂ ಕೊಡಬೇಕೆನ್ನಿಸಿತು. ಕೈಯಲ್ಲಿ ಇಲ್ಲದ್ದನ್ನು ಬಾಯಿಂದ ಕೊಡಲು ಹೋದೆ. 'ಭಾಳ ಚೆಂದ ನಕ್ಕಿದ್ಲವ್ವಾ. ಮಾರಿ ಮ್ಯಾಲ ಬಿಸಿಲ ಬಿದ್ದಿತ್ತು. ಮುತ್ತ ಪೋಣಿಸಿದಂಗ ಹಲ್ಲ ಎಲ್ಲಾ ಕಾಣಾಕತ್ತಿದ್ದು.'

ಕಸ್ತೂರಿಯ ಕೈ ನಿಂತಿತು. ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ.

'ಅವ್ವಗ ಮುಂದಿನ ನಾಕ ಹಲ್ಲ ಇರ್ಲಿಲ್ರಿ ಮಾಮಾ. ನಾ ಹೊಟ್ಟ್ಯಾಗ ಇದ್ದಾಗ ಅಪ್ಪ ಹೊಡದು ಉದುರಿಸಿದ್ದ. ಅದಕ್ಕ ಆಕಿ ಫೋಟೋ ತಗಸ್ಕೋತಿರ್ಲಿಲ್ಲ. ನಗಬೇಕಾದ್ರ ಸೆರಗ ಇಲ್ಲಾ ಕೈ, ನನ್ನ ಮುಂದೂ ಬಾಯಿ ಮುಚ್ಚಿಕೊಂಡನ ನಗ್ತಿದ್ಲು.'

ಇಷ್ಟು ವರ್ಷ ಅವಳ ಎದುರು ಬಾಗಿಲಲ್ಲೇ ಇದ್ದವನು ನಾನು. ಆಯುಷ್ಯದ ಹುಚ್ಚು ಎಂದು ಊರಿಗೆಲ್ಲ ಸಾರಿದವನೂ ನಾನೇ. ಅವಳ ಬಾಯಿಂದ ಆ ಮಾತನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಕಸ್ತೂರಿ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟಳು. 'ಅವತ್ತ ಹಿತ್ತಲದಾಗ ಯಾರೂ ಇರ್ಲಿಲ್ಲ. ಯಾರೂ ನೋಡಾಕತ್ತಿಲ್ಲಂತ ಆಕಿಗೆ ಗೊತ್ತಿತ್ತು. ಇದೊಂದ ಖರೇ ಹೇಳ್ರಿ ಮಾಮಾ, ಮತ್ತೇನೂ ಕೇಳೂದಿಲ್ಲ. ಬಾಯಿ ಮುಚ್ಚಿಕೊಂಡಿದ್ಲೋ, ಬಿಟ್ಟಿದ್ಲೋ?'

ಬಿಟ್ಟಿದ್ಲವ್ವಾ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳೋ ಏನೋ.

'ನಾ ಬ್ಯಾಟರಿ ನೋಡಾಕತ್ತಿದ್ನೆವ್ವಾ' ಎಂದೆ. 'ಮಾರಿ ನೋಡ್ಲಿಲ್ಲ.'